ಜರ್ಮಾನಿಕ್ ಭಾಷೆಗಳ ದಿಗ್ವಾಚಕ ಅವ್ಯಯಗಳು : ಒಂದು ವಿಮರ್ಶೆ

1

ಇಂಗ್ಲಿಷ್ ಗ್ರಂಥಗಳನ್ನು ವ್ಯಾಸಂಗಮಾಡುವ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ‘ಹಿದರ್’, ‘ದಿದರ್’, ‘ವಿದರ್’ ಎಂಬ ಶಬ್ದಗಳೂ ‘ಹೆನ್ಸ್’, ‘ದೆನ್ಸ್’, ‘ವೆನ್ಸ್’ ಎಂಬ ಶಬ್ದಗಳೂ ಹಳೆಯ ನಾಟಕಗಳಲ್ಲಿಯೂ ಬೈಬಲ್ಲಿನ ಅನುವಾದದಲ್ಲಿಯೂ ಆಗಾಗ ಎದುರಾಗುತ್ತವೆ. ನಿಘಂಟುವನ್ನು ತೆರೆದರೆ ಅವುಗಳ ಅರ್ಥವೂ, ಪಕ್ಕದಲ್ಲಿ ‘ಗ್ರಾಂಥಿಕ’ ಎಂಬ ಗುರುತೂ ದೊರೆಯುತ್ತವೆ. ಅಲ್ಲಿಗೆ ವಿಷಯವು ಮುಗಿಯಿತೆಂದು ಅಧ್ಯಾಪಕರೂ ವಿದ್ಯಾರ್ಥಿಗಳೂ ಮುಂದಕ್ಕೆ ಸಾಗುವುದು ವಾಡಿಕೆ. ಕನ್ನಡಿಗರಿಗಾದರೋ ಇವು ಕಷ್ಟದ ಶಬ್ದಗಳಲ್ಲ. ‘ಇಲ್ಲಿ, ಇಲ್ಲಿಗೆ, ಇಲ್ಲಿಂದ’. ‘ಅಲ್ಲಿ, ಅಲ್ಲಿಗೆ, ಅಲ್ಲಿಂದ’. ‘ಎಲ್ಲಿ, ಎಲ್ಲಿಗೆ, ಎಲ್ಲಿಂದ’ ಎಂದು ನಾವು ದಿನವೂ ಆಡುವ ಮಾತಿನಲ್ಲಿಯೇ ಈ ಮೂರು ಭೇದಗಳು ಸ್ಪಷ್ಟವಾಗಿ ನಿಂತಿವೆ. ಇಂದಿನ ಇಂಗ್ಲಿಷು ‘ವೇರ್’ ಎಂಬ ಒಂದೇ ಶಬ್ದದಿಂದ ‘ಎಲ್ಲಿ’ ಎಂಬುದನ್ನೂ ‘ಎಲ್ಲಿಗೆ’ ಎಂಬುದನ್ನೂ ಹೇಳುತ್ತದೆಯೆಂಬುದೇ ನಮಗೆ ವಿಚಿತ್ರವಾಗಿ ತೋರಬೇಕು.

ಜರ್ಮಾನಿಕ್ ಭಾಷೆಗಳ ವ್ಯಾಕರಣಗ್ರಂಥಗಳು ಈ ಅವ್ಯಯಗಳನ್ನು ಬಹುಮಟ್ಟಿಗೆ ಒಂದು ಪಟ್ಟಿಯ ರೂಪದಲ್ಲಿ ಕೊಡುತ್ತವೆ. ಯಾಕೋಬ್ ಗ್ರಿಮ್ಮನು ತನ್ನ ಜರ್ಮನ್ ವ್ಯಾಕರಣದ 1831ರ ಮೂರನೆಯ ಸಂಪುಟದಲ್ಲಿ ಸರ್ವನಾಮಗಳಿಂದ ಹುಟ್ಟಿದ ಶಬ್ದಗಳನ್ನು ಸಂಗ್ರಹಿಸಿ ಈ ಅಧ್ಯಯನಕ್ಕೆ ಅಡಿಗಲ್ಲನ್ನು ಇಟ್ಟನು. ಜೋಸೆಫ್ ರೈಟ್ ಅವರ 1910ರ ಗಾಥಿಕ್ ವ್ಯಾಕರಣವು ಸ್ಥಾನ, ಗಮ್ಯ, ಅಪಾದಾನ ಎಂಬ ಮೂರು ಅರ್ಥಗಳಿಗೆ ತಕ್ಕಂತೆ ಪ್ರತ್ಯಯಗಳನ್ನು ವಿಂಗಡಿಸಿ ಹೇಳುತ್ತದೆ. ಸ್ಥಾನವೆಂದರೆ ಇರುವ ಎಡೆ. ಗಮ್ಯವೆಂದರೆ ಹೋಗುವ ಎಡೆ. ಅಪಾದಾನವೆಂದರೆ ಬಿಟ್ಟುಬರುವ ಎಡೆ. ಈ ವಿಂಗಡಣೆಯು ಬೋಧನೆಗೆ ಅನುಕೂಲವಾದುದೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಸಿದ್ಧಪಡಿಸಿದ ವಿದ್ವಾಂಸರ ಶ್ರಮಕ್ಕೆ ನಾವೆಲ್ಲರೂ ಋಣಿಗಳು.

ಆದರೆ ಪಟ್ಟಿಯು ಇತಿಹಾಸವಲ್ಲ. ಪಟ್ಟಿಯನ್ನೇ ಇತಿಹಾಸವೆಂದು ಭಾವಿಸುವುದರಿಂದ ಎರಡು ತಪ್ಪು ಕಲ್ಪನೆಗಳು ಬೆಳೆದಿವೆ. ಒಂಬತ್ತು ಮನೆಗಳ ಪೂರ್ಣವಾದ ವ್ಯವಸ್ಥೆಯೊಂದು ಮೂಲದಲ್ಲಿ ಇದ್ದು ಕಾಲಕ್ರಮದಲ್ಲಿ ಮುರಿದುಬಿತ್ತು ಎಂಬುದು ಮೊದಲನೆಯದು. ಈ ಶಬ್ದಗಳು ಭೂಗೋಳದ ದಿಕ್ಕುಗಳಿಗೆ ಅಂಟಿಸಿದ ಚೀಟಿಗಳು ಮಾತ್ರ, ಅವನ್ನು ಆಡಿದವನು ಎಲ್ಲಿ ನಿಂತಿದ್ದನು ಎಂಬುದನ್ನು ವಿಚಾರಿಸಬೇಕಾಗಿಲ್ಲ ಎಂಬುದು ಎರಡನೆಯದು. ನಾವು ಇತಿಹಾಸದ ಅಧ್ಯಾಪಕರು. ಭಾಷಾಶಾಸ್ತ್ರವು ನಮ್ಮ ಮುಖ್ಯ ವ್ಯಾಸಂಗವಲ್ಲ. ಆದರೂ ಈ ಎರಡು ಕಲ್ಪನೆಗಳು ಮೂಲಾಧಾರಗಳನ್ನು ಓದುವ ನಮ್ಮ ಕೆಲಸಕ್ಕೇ ಅಡ್ಡಬರುವುದರಿಂದ ಅವನ್ನು ಇಲ್ಲಿ ಪರೀಕ್ಷಿಸಲು ತೊಡಗಿದ್ದೇವೆ. ದಂತ್ಯ ಘರ್ಷಧ್ವನಿಯನ್ನು ಪ್ರಾಚೀನ ಶಬ್ದಗಳಲ್ಲಿ ‘ಥ’ ಅಥವಾ ‘ದ’ ಎಂದು ಬರೆದಿರುವೆವೆಂಬುದನ್ನು ವಾಚಕರು ಗಮನಿಸಬೇಕು.

2

ಮೊದಲು ಆಧಾರಗಳನ್ನು ನೋಡೋಣ. ಜರ್ಮಾನಿಕ್ ಭಾಷೆಗಳಲ್ಲಿ ವಿಸ್ತಾರವಾದ ಗ್ರಂಥವುಳ್ಳ ಅತಿ ಪ್ರಾಚೀನ ಭಾಷೆಯೆಂದರೆ ಗಾಥಿಕ್. ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲನು ಗ್ರೀಕಿನಿಂದ ಮಾಡಿದ ಬೈಬಲ್ ಅನುವಾದದಲ್ಲಿ ಅದು ಉಳಿದುಬಂದಿದೆ. ಅಲ್ಲಿ ‘ಎಲ್ಲಿ’ ಎಂಬುದಕ್ಕೆ ‘ಹ್ವರ್’, ‘ಎಲ್ಲಿಗೆ’ ಎಂಬುದಕ್ಕೆ ‘ಹ್ವಥ್’, ‘ಎಲ್ಲಿಂದ’ ಎಂಬುದಕ್ಕೆ ‘ಹ್ವಥ್ರೋ’ ಎಂಬ ರೂಪಗಳಿವೆ. ಅನುವಾದವಾದುದರಿಂದ ಈ ಭೇದವು ಗ್ರೀಕಿನ ನೆರಳೇ ಆಗಿರಬಹುದಲ್ಲವೆ ಎಂದು ಯಾರಾದರೂ ಶಂಕಿಸಬಹುದು. ಹಾಗಲ್ಲವೆಂಬುದಕ್ಕೆ ಒಳ್ಳೆಯ ಪ್ರಮಾಣವಿದೆ. ಅಥೆನ್ಸಿನ ಹಳೆಯ ಗ್ರೀಕಿನಲ್ಲಿ ‘ಎಲ್ಲಿ’ ಎಂಬುದಕ್ಕೂ ‘ಎಲ್ಲಿಗೆ’ ಎಂಬುದಕ್ಕೂ ಬೇರೆ ಬೇರೆ ಶಬ್ದಗಳಿದ್ದುವು. ಆದರೆ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಆ ಭೇದವು ಅಳಿದುಹೋಗಿ ‘ಪೂ’ ಎಂಬ ಒಂದೇ ಶಬ್ದವು ಎರಡಕ್ಕೂ ನಿಲ್ಲುತ್ತದೆ. ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ತಾನು ಎಲ್ಲಿಂದ ಬಂದೆ, ಎಲ್ಲಿಗೆ ಹೋಗುವೆ ಎಂಬ ಪ್ರಸ್ತಾಪ ಬರುವೆಡೆಯಲ್ಲಿ ಗ್ರೀಕಿನ ‘ಪೂ’ ಎಂಬುದಕ್ಕೆ ವುಲ್ಫಿಲನು ‘ಹ್ವರ್’ ಎಂದು ಬರೆಯದೆ ‘ಹ್ವಥ್’ ಎಂದು ಬರೆಯುತ್ತಾನೆ. ಮೂಲದಲ್ಲಿಲ್ಲದ ಭೇದವನ್ನು ಅವನ ಭಾಷೆಯೇ ಅವನಿಂದ ಕೇಳಿತು. ಆದಕಾರಣ ಗಾಥಿಕ್ಕಿನ ಸಾಕ್ಷ್ಯವನ್ನು ನಾವು ನಂಬಬಹುದು.

ಆದರೆ ಆ ಸಾಕ್ಷ್ಯವು ಪಟ್ಟಿಯ ಅಚ್ಚುಕಟ್ಟಿಗೆ ಒಗ್ಗುವುದಿಲ್ಲ. ‘ಎಲ್ಲಿಗೆ’ ಎಂಬುದಕ್ಕೆ ‘ಹ್ವಥ್’ ಎಂಬುದಲ್ಲದೆ ‘ಹ್ವದ್ರೇ’ ಎಂಬ ಇನ್ನೊಂದು ರೂಪವೂ ಇದೆ. ಅದೇ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಹೀಗೆಯೇ ‘ಆ ಕಡೆಗೆ’ ಎಂಬುದಕ್ಕೆ ‘ಯೈಂದ್’, ‘ಯೈಂದ್ರೇ’ ಎಂಬ ಎರಡು ರೂಪಗಳಿವೆ. ಒಂದು ಮನೆಗೆ ಇಬ್ಬರು ವಾರಸುದಾರರು. ಇನ್ನೊಂದು ಕಡೆ ‘ಅನ’ ಎಂಬ ಪ್ರತ್ಯಯವನ್ನು ಅಪಾದಾನಾರ್ಥದ ಮನೆಯಲ್ಲಿ ಇಡುವುದು ರೂಢಿ. ‘ಅಫ್ತನ’ ಎಂದರೆ ‘ಹಿಂದಿನಿಂದ’ ಎಂಬುದು ಸರಿಯೇ. ಆದರೆ ಅದೇ ಪ್ರತ್ಯಯವುಳ್ಳ ‘ಇನ್ನನ’ ಎಂಬುದು ‘ಒಳಗೆ’ ಎಂಬ ಸ್ಥಾನಾರ್ಥದಲ್ಲಿ ನಿಂತಿದೆ. ದಾಖಲೆಯು ಆರಂಭವಾಗುವ ಕಾಲಕ್ಕೇ ಪಟ್ಟಿಯ ಗೆರೆಗಳು ಅಳಿಸಿಹೋಗಿದ್ದುವು.

ಇನ್ನು ಸೋದರಭಾಷೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಸಂಗತಿಯು ಮತ್ತಷ್ಟು ಸ್ಪಷ್ಟವಾಗುತ್ತದೆ. ಸ್ಥಾನಾರ್ಥದಲ್ಲಿ ಎಲ್ಲ ಭಾಷೆಗಳೂ ಒಂದಾಗಿವೆ. ಗಾಥಿಕ್ಕಿನ ‘ಹೇರ್, ಥರ್, ಹ್ವರ್’ ಎಂಬುವಕ್ಕೆ ಪ್ರಾಚೀನ ಇಂಗ್ಲಿಷಿನಲ್ಲಿ ‘ಹೇರ್, ಥೇರ್, ಹ್ವೇರ್’ ಎಂಬುವೂ, ಪ್ರಾಚೀನ ನಾರ್ಸ್, ಪ್ರಾಚೀನ ಜರ್ಮನ್ ಭಾಷೆಗಳಲ್ಲಿ ಅವುಗಳ ನೇರ ಸೋದರರೂಪಗಳೂ ಇವೆ. ಈ ‘ರ್’ ಅತ್ಯಂತ ಹಳೆಯದು. ಸಂಸ್ಕೃತದ ‘ತರ್ಹಿ’, ‘ಕರ್ಹಿ’ ಎಂಬ ಶಬ್ದಗಳೊಳಗಿನ ರೇಫವನ್ನು ಇದರೊಡನೆ ಹೋಲಿಸುವುದುಂಟು. ಆದರೆ ಗಮ್ಯಾರ್ಥದಲ್ಲಿ ಭಾಷೆಗಳು ಬೇರೆಯಾಗುತ್ತವೆ. ‘ಇಲ್ಲಿಗೆ’ ಎಂಬುದಕ್ಕೆ ಗಾಥಿಕ್ಕಿನಲ್ಲಿ ‘ಹಿದ್ರೇ’, ಪ್ರಾಚೀನ ಇಂಗ್ಲಿಷಿನಲ್ಲಿ ‘ಹಿದೆರ್’. ಪ್ರಾಚೀನ ಜರ್ಮನ್ನಿನಲ್ಲಿ ‘ಹೆರ’ ಎಂಬ ಬೇರೆಯೇ ರಚನೆ. ನಾರ್ಸಿನಲ್ಲಿ ‘ಹಿಂಗತ್’ ಎಂಬ ಮೂರನೆಯ ರಚನೆ. ಅಪಾದಾನಾರ್ಥದಲ್ಲಿಯೂ ಹಾಗೆಯೇ: ‘ಅಲ್ಲಿಂದ’ ಎಂಬುದು ಗಾಥಿಕ್ಕಿನಲ್ಲಿ ‘ಥಥ್ರೋ’, ಪ್ರಾಚೀನ ಇಂಗ್ಲಿಷಿನಲ್ಲಿ ‘ಥನನ್’, ನಾರ್ಸಿನಲ್ಲಿ ‘ಥದನ್’. ಎಲ್ಲ ಭಾಷೆಗಳಿಗೂ ಸಮಾನವಾಗಿ ಬಂದ ಪಿತ್ರಾರ್ಜಿತವೆಂದರೆ ‘ಇರವಿನ’ ಶಬ್ದ ಮಾತ್ರ. ‘ಹೋಗುವ’ ಶಬ್ದವನ್ನೂ ‘ಬರುವ’ ಶಬ್ದವನ್ನೂ ಒಂದೊಂದು ಶಾಖೆಯು ತನಗೆ ದೊರೆತ ಸಾಮಗ್ರಿಯಿಂದ ಆರಿಸಿಕೊಂಡಿತು, ಇಲ್ಲವೆ ಹೊಸದಾಗಿ ಕಟ್ಟಿಕೊಂಡಿತು. ಒಂಬತ್ತು ಮನೆಗಳ ಪೂರ್ಣ ವ್ಯವಸ್ಥೆಯು ಮೂಲದಲ್ಲಿಯೇ ಸಿದ್ಧವಾಗಿತ್ತೆಂದು ಹೇಳಲು ಇಲ್ಲಿ ಆಧಾರವಿಲ್ಲವೆಂದು ನಮ್ಮ ಅಭಿಪ್ರಾಯ.

ಪ್ರತ್ಯಯದಲ್ಲಿಯೇ ದಿಕ್ಕಿನ ಅರ್ಥವು ಅಡಗಿದೆಯೆಂಬ ನಂಬಿಕೆಯೂ ನಿಲ್ಲುವುದಿಲ್ಲ. ‘ತ್ರ’ ಎಂಬ ಅಂಶವನ್ನು ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ‘ತತ್ರ’, ‘ಕುತ್ರ’ ಎಂದರೆ ‘ಅಲ್ಲಿ’, ‘ಎಲ್ಲಿ’. ‘ತತ್ರ ಗಚ್ಛತಿ’ ಎಂದು ಗಮ್ಯಾರ್ಥದಲ್ಲಿಯೂ ಅದೇ ಶಬ್ದ ಸಲ್ಲುತ್ತದೆ. ಲ್ಯಾಟಿನ್ನಿನ ‘ಇಂತ್ರೋ’ ಎಂದರೆ ‘ಒಳಕ್ಕೆ’, ‘ರೆತ್ರೋ’ ಎಂದರೆ ‘ಹಿಂದಕ್ಕೆ’. ಗಾಥಿಕ್ಕಿನ ‘ಥಥ್ರೋ’ ಎಂದರೆ ‘ಅಲ್ಲಿಂದ’. ‘ಹಿದ್ರೇ’ ಎಂದರೆ ‘ಇಲ್ಲಿಗೆ’. ಒಂದೇ ಕುಲಕ್ಕೆ ಸೇರಿದವೆಂದು ವಿದ್ವಾಂಸರು ಹೋಲಿಸುವ ಈ ಪ್ರತ್ಯಯಗಳು ಒಂದು ಕಡೆ ಸ್ಥಾನವನ್ನೂ ಒಂದು ಕಡೆ ಗಮ್ಯವನ್ನೂ ಒಂದು ಕಡೆ ಅಪಾದಾನವನ್ನೂ ಸೂಚಿಸುತ್ತವೆ. ನಾರ್ಸಿನ ‘ಹೆದ್ರ’ ಎಂಬುದು ಇಂಗ್ಲಿಷಿನ ‘ಹಿದರ್’ ಎಂಬುದರ ಸೋದರನಾಗಿದ್ದರೂ ಅದರ ಮುಖ್ಯಾರ್ಥ ‘ಇಲ್ಲಿ’ ಎಂಬುದೇ. ದಿಕ್ಕಿನ ಅರ್ಥವು ಪ್ರತ್ಯಯದ ಸೊತ್ತಲ್ಲ. ಬಳಸುವ ಜನವು ಪಕ್ಕದ ಶಬ್ದಗಳೊಡನೆ ವ್ಯತ್ಯಾಸವನ್ನು ಕಲ್ಪಿಸಿ ಅದಕ್ಕೆ ಆ ಅರ್ಥವನ್ನು ಕೊಡುತ್ತದೆ.

3

ಅರ್ಥವು ಹೀಗೆ ಸ್ಥಳ ಬದಲಾಯಿಸಿದ ಸಂದರ್ಭಗಳಲ್ಲಿ ಅತ್ಯಂತ ಬೋಧಪ್ರದವಾದುದು ‘ಇಂದ’ ಎಂಬುದು ‘ಅಲ್ಲಿ’ ಎಂದಾದ ಸಂದರ್ಭ. ಇಂದಿನ ಜರ್ಮನ್ನಿನಲ್ಲಿ ‘ಇನ್ನೆನ್’ ಎಂದರೆ ‘ಒಳಗೆ’, ‘ಔಸೆನ್’ ಎಂದರೆ ‘ಹೊರಗೆ’, ‘ಓಬೆನ್’ ಎಂದರೆ ‘ಮೇಲೆ’, ‘ಹಿಂಟೆನ್’ ಎಂದರೆ ‘ಹಿಂದೆ’. ಇವೆಲ್ಲವೂ ಪ್ರಾಚೀನ ಜರ್ಮನ್ನಿನ ‘ಇನ್ನನ’, ‘ಊಸನ’, ‘ಒಬನ’, ‘ಹಿಂತನ’ ಎಂಬ ರೂಪಗಳಿಂದ ಬಂದುವು. ಅವುಗಳ ಪ್ರತ್ಯಯವು ‘ಒಳಗಿನಿಂದ’, ‘ಹೊರಗಿನಿಂದ’ ಎಂಬ ಅಪಾದಾನಾರ್ಥದ್ದು. ಆ ಅರ್ಥವು ಕ್ಷಯಿಸಿ ಸ್ಥಾನಾರ್ಥವು ನೆಲೆಗೊಂಡ ಮೇಲೆ, ನಿಜವಾಗಿಯೂ ‘ಒಳಗಿನಿಂದ’ ಎಂದು ಹೇಳಬೇಕಾದರೆ ‘ಫೊನ್ ಇನ್ನೆನ್’ ಎಂದು ಇನ್ನೊಂದು ‘ಇಂದ’ವನ್ನು ಮುಂದೆ ಇಡಬೇಕಾಯಿತು. ಪ್ರಾಚೀನ ಇಂಗ್ಲಿಷಿನ ‘ಊತನ್’ ಎಂಬುದಕ್ಕೆ ‘ಬೆ’ ಎಂಬುದು ಸೇರಿ ‘ಬೂತನ್’ ಆಯಿತು. ಮೊದಲು ‘ಹೊರಭಾಗದಲ್ಲಿ’ ಎಂದೂ, ಬಳಿಕ ‘ಹೊರತು’ ಎಂದೂ, ಕಡೆಗೆ ‘ಆದರೆ’ ಎಂದೂ ಅರ್ಥವನ್ನು ಪಡೆದು ಇಂದಿನ ‘ಬಟ್’ ಎಂಬ ಸಣ್ಣ ಶಬ್ದವಾಗಿ ಅದು ನಮ್ಮ ಮುಂದೆ ನಿಂತಿದೆ. ಡಚ್ಚಿನ ‘ಬೌಟೆನ್’, ಅಂದರೆ ‘ಹೊರಗೆ’, ಅದೇ ಶಬ್ದದ ಇನ್ನೊಂದು ರೂಪ.

ಇದು ಹೇಗೆ ಸಾಧ್ಯವಾಯಿತು? ನೋಡುವವನ ಕಡೆಯಿಂದ ವಿಚಾರಿಸಿದರೆ ಕಾರಣವು ತಿಳಿಯುತ್ತದೆ. ಬೆಟ್ಟದ ಆಚೆಯಿಂದ ಕಾಣಿಸಿಕೊಳ್ಳುವ ವಸ್ತುವು ಬೆಟ್ಟದ ಆಚೆ ಇರುವ ವಸ್ತುವೇ. ಕಾಣಿಸಿಕೊಳ್ಳುವ ಕಡೆಯೂ ಇರುವ ಕಡೆಯೂ ಒಂದೇ ಆಗಿರುವುದರಿಂದ ‘ಉತ್ತರದಿಂದ’ ಎಂಬ ಶಬ್ದವು ‘ಉತ್ತರ ಪಾರ್ಶ್ವದಲ್ಲಿ’ ಎಂಬ ಅರ್ಥಕ್ಕೆ ಜಾರುತ್ತದೆ. ಲ್ಯಾಟಿನ್ನಿನ ‘ಆ ತೆರ್ಗೋ’ ಎಂಬುದೂ ‘ಬೆನ್ನಿನಿಂದ’ ಎಂದಿದ್ದು ‘ಬೆನ್ನ ಹಿಂದೆ’ ಎಂಬ ಅರ್ಥದಲ್ಲಿ ನಡೆಯುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಪ್ರತಿಯಾದ ನಡೆಯೊಂದು ಉಂಟು. ಹದಿಮೂರನೆಯ ಶತಮಾನದ ಕೇಶಿರಾಜನು ಪಂಚಮೀ ವಿಭಕ್ತಿಗೆ ಹೇಳಿದ ‘ಅತ್ತಣಿಂ’ ಎಂಬ ಪ್ರತ್ಯಯದಲ್ಲಿ ‘ಅತ್ತ’ ಎಂಬ ದಿಗ್ವಾಚಕ ಶಬ್ದವೇ ಕುಳಿತಿದೆ. ಜರ್ಮಾನಿಕ್ಕಿನಲ್ಲಿ ‘ಇಂದ’ ಎಂಬುದು ಎಡೆಯ ಹೆಸರಾಯಿತು. ಹಳಗನ್ನಡದಲ್ಲಿ ಕಡೆಯ ಹೆಸರು ‘ಇಂದ’ ಎಂಬುದರ ಅಂಗವಾಯಿತು.

ಹಳೆಯ ಅರ್ಥವು ಬಿಗಿಯಾಗಿ ಉಳಿದುಕೊಂಡುದು ಗಾಳಿಯ ಹೆಸರುಗಳಲ್ಲಿ. ಗಾಳಿಗೆ ಅದು ಬರುವ ಕಡೆಯಿಂದಲೇ ಹೆಸರು. ಒಂಬತ್ತನೆಯ ಶತಮಾನದ ಐನ್‌ಹಾರ್ಡನು ಬರೆದ ಚಾರ್ಲ್‌ಮೇನ್ ಚಕ್ರವರ್ತಿಯ ಚರಿತ್ರೆಯಲ್ಲಿ ಆ ಅರಸನು ಹನ್ನೆರಡು ಗಾಳಿಗಳಿಗೆ ತನ್ನ ಭಾಷೆಯಲ್ಲಿ ಹೆಸರಿಟ್ಟನೆಂಬ ಪ್ರಸಂಗವಿದೆ. ಸಾಮ್ರಾಜ್ಯದ ಆಡಳಿತದ ನಡುವೆ ಅವ್ಯಯಗಳ ಕೊರತೆಯನ್ನು ಗಮನಿಸಿ ತುಂಬಿದ ಅರಸನ ಈ ಕೆಲಸವನ್ನು ಇತಿಹಾಸದ ವಿದ್ಯಾರ್ಥಿಗಳು ಮರೆಯಬಾರದು.

4

ಇನ್ನು ಲೋಪದ ವಿಷಯ. ಆಧುನಿಕ ಇಂಗ್ಲಿಷಿನ ಆಡುಮಾತಿನಲ್ಲಿ ‘ಹಿದರ್’, ‘ವಿದರ್’ ಮೊದಲಾದುವು ಬಿದ್ದುಹೋದುದನ್ನು ಎರಡು ಪಂಥದವರು ಎರಡು ರೀತಿಯಾಗಿ ವ್ಯಾಖ್ಯಾನಿಸಬಲ್ಲರು. ಶ್ಲೈಖರನಂತಹ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರ ಮತದಂತೆ ಇತಿಹಾಸಕಾಲದ ಭಾಷೆಗಳೆಲ್ಲವೂ ಪೂರ್ವದ ಸಂಪನ್ನತೆಯಿಂದ ಕ್ಷೀಣಿಸುತ್ತ ಬಂದುವು; ಈ ಲೋಪವು ಆ ಕ್ಷಯದ ಒಂದು ಗುರುತು. 1894ರಲ್ಲಿ ‘ಭಾಷೆಯಲ್ಲಿ ಪ್ರಗತಿ’ ಎಂಬ ಅರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದ ಓಟೋ ಯೆಸ್ಪರ್ಸನ್ ಅವರ ಮತದಂತೆ ರೂಪಗಳ ಸರಳತೆಯೇ ಭಾಷೆಯ ಮುನ್ನಡೆ; ಹಾಗಾದರೆ ಈ ಲೋಪವು ಪ್ರಗತಿಯ ಗುರುತಾಗಬೇಕು. ಪ್ರಕೃತ ವಿಷಯದಲ್ಲಿ ಎರಡು ಮತಗಳೂ ಅರ್ಧ ಭಾಗವನ್ನು ಮಾತ್ರ ನೋಡುತ್ತವೆಂದು ವಿನಯದಿಂದ ಹೇಳಬೇಕಾಗಿದೆ. ಕಳೆದುಹೋದುದನ್ನು ಎರಡೂ ಎಣಿಸಿದುವು. ಹೊಸದಾಗಿ ಕಟ್ಟಿದುದನ್ನು ಎರಡೂ ಎಣಿಸಲಿಲ್ಲ.

ಇಂಗ್ಲಿಷಿನ ‘ಹೆನ್ಸ್’ ಎಂಬುದನ್ನೇ ನೋಡಿ. ಪ್ರಾಚೀನ ‘ಹೆಯೊನನ್’ ಎಂಬುದು ಸವೆದು ಮಧ್ಯಕಾಲದಲ್ಲಿ ‘ಹೆನ್ನೆ’ ಎಂದಾದಾಗ ಅದಕ್ಕೆ ಷಷ್ಠೀ ವಿಭಕ್ತಿಯ ‘ಸ್’ ಎಂಬುದನ್ನು ಸೇರಿಸಿ ಜನರು ಊರುಗೋಲು ಕೊಟ್ಟರು. ‘ದೆನ್ಸ್’, ‘ವೆನ್ಸ್’ ಎಂಬುವೂ ಹೀಗೆಯೇ ಆದುವು. ಅದೂ ಸಾಲದಾದಾಗ ‘ಫ್ರಮ್ ವೆನ್ಸ್’ ಎಂದು ಮತ್ತೊಂದು ‘ಇಂದ’ವನ್ನು ಸೇರಿಸಿದರು. 1755ರ ನಿಘಂಟುವಿನಲ್ಲಿ ಡಾಕ್ಟರ್ ಜಾನ್‌ಸನ್ನನು ಇದನ್ನು ದೋಷವೆಂದು ಖಂಡಿಸಿದನು. ಆದರೆ 1611ರ ಇಂಗ್ಲಿಷ್ ಬೈಬಲ್ಲಿನ ನೂರ ಇಪ್ಪತ್ತೊಂದನೆಯ ಕೀರ್ತನೆಯಲ್ಲಿಯೇ ಆ ಪ್ರಯೋಗವಿದೆ. ಡಚ್ಚಿನಲ್ಲಿ ‘ಎಲ್ಲಿಂದ’ ಎಂಬುದು ‘ವಾರ್‌ಫಾನ್‌ದಾನ್’. ಅದರ ಕಡೆಯ ‘ದಾನ್’ ಎಂಬುದರಲ್ಲಿ ‘ಅಲ್ಲಿಂದ’ ಎಂಬ ಹಳೆಯ ಅವ್ಯಯವೂ, ಅದರ ಹಿಂದಿನ ‘ಫಾನ್’ ಎಂಬುದರಲ್ಲಿ ಹೊಸ ‘ಇಂದ’ವೂ ಒಟ್ಟಿಗೆ ಕುಳಿತಿವೆ. ಜರ್ಮನ್ನಿನ ಗ್ರಾಂಥಿಕ ‘ಫೊನ್ ದನ್ನೆನ್’ ಎಂಬುದರ ರಚನೆಯೂ ಇಂತಹುದೇ. ಜಾನ್‌ಸನ್ನನು ಅಜ್ಞಾನವೆಂದು ಬಗೆದುದು ಮೂರು ಭಾಷೆಗಳು ಒಂದೇ ಕಷ್ಟಕ್ಕೆ ಬೇರೆ ಬೇರೆಯಾಗಿ ಕಂಡುಕೊಂಡ ಒಂದೇ ಪರಿಹಾರ. ವ್ಯಾಕರಣಜ್ಞನ ದೋಷವು ಇತಿಹಾಸಕಾರನ ಆಧಾರವಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಗಮ್ಯಾರ್ಥದಲ್ಲಿಯೂ ಹೀಗೆಯೇ. ನಾರ್ಸಿನ ‘ಹಿಂಗತ್’, ‘ಥಂಗತ್’ ಎಂಬುವುಗಳೊಳಗೆ ‘ದಾರಿ’ ಎಂಬ ಅರ್ಥದ ‘ವೆಗ್’ ಎಂಬ ನಾಮಪದವು ಕರಗಿಹೋಗಿದೆ. ‘ಈ ದಾರಿಯಾಗಿ’, ‘ಆ ದಾರಿಯಾಗಿ’ ಎಂಬುದೇ ‘ಇಲ್ಲಿಗೆ’, ‘ಅಲ್ಲಿಗೆ’ ಎಂದಾಯಿತು. ಇಂಗ್ಲಿಷಿನ ‘ಹೋಮ್‌ವರ್ಡ್’, ‘ಟುವರ್ಡ್’ ಮೊದಲಾದುವುಗಳ ಉತ್ತರಪದವು ‘ತಿರುಗು’ ಎಂಬ ಅರ್ಥದ ಧಾತುವಿನಿಂದ ಬಂದುದು. ಸಂಸ್ಕೃತದ ‘ವೃತ್’ ಧಾತುವೂ ಲ್ಯಾಟಿನ್ನಿನ ‘ವೆರ್ತೆರೆ’ ಎಂಬುದೂ ಅದರ ಬಂಧುಗಳು. ಸ್ವೀಡಿಷ್ ಭಾಷೆಯಲ್ಲಿ ‘ಹೆಮ್’ ಎಂದರೆ ಮನೆಗೆ, ‘ಹೆಮ್ಮಾ’ ಎಂದರೆ ಮನೆಯಲ್ಲಿ. ಅಪಾದಾನಕ್ಕೆ ಹೊಸದಾಗಿ ಕಟ್ಟಿದ ‘ಹೆಮಿಫ್ರೋನ್’ ಸೇರಿ ತ್ರಿವಿಧ ಭೇದವು ಇಂದಿಗೂ ಜೀವಂತವಾಗಿದೆ. ಇಂಗ್ಲಿಷಿನಲ್ಲಿ ‘ಎಲ್ಲಿ’ ಎಂಬ ಶಬ್ದವು ‘ಎಲ್ಲಿಗೆ’ ಎಂಬುದರ ಮನೆಯನ್ನು ಆಕ್ರಮಿಸಿದರೆ, ಸ್ವೀಡಿಷ್ ಆಡುಮಾತಿನಲ್ಲಿ ‘ಎಲ್ಲಿಗೆ’ ಎಂಬ ಅರ್ಥದ ‘ವಾರ್ತ್’ ಎಂಬುದೇ ‘ಎಲ್ಲಿ’ ಎಂಬುದರ ಮನೆಯನ್ನು ಪ್ರವೇಶಿಸುವುದುಂಟು. ಸರಳತೆಯತ್ತ ಒಂದೇ ಮುಖದ ಪ್ರಯಾಣವಾಗಿದ್ದರೆ ಹೀಗೆ ಆಗುತ್ತಿರಲಿಲ್ಲ.

ಜರ್ಮನ್ ಭಾಷೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ‘ಇದು’ ಎಂಬ ಒಂದೇ ಸರ್ವನಾಮದ ಪ್ರಕೃತಿಯಿಂದ ಹುಟ್ಟಿದ ‘ಹೇರ್’, ‘ಹಿನ್’ ಎಂಬ ಎರಡು ಶಬ್ದಗಳು ಅಲ್ಲಿ ಆಡುವವನ ಕಡೆಗೆ ಮತ್ತು ಆಡುವವನಿಂದ ದೂರಕ್ಕೆ ಎಂಬ ಅರ್ಥಗಳನ್ನು ಪಡೆದುವು. ‘ವೋಹೇರ್’ ಎಂದರೆ ಎಲ್ಲಿಂದ, ‘ವೋಹಿನ್’ ಎಂದರೆ ಎಲ್ಲಿಗೆ. ಒಳಗಿರುವವನು ಹೊರಗೆ ಹೋಗುವವನನ್ನು ಕುರಿತು ‘ಹಿನೌಸ್’ ಎನ್ನುತ್ತಾನೆ. ಹೊರಗಿರುವವನು ಅದೇ ಚಲನೆಯನ್ನು ‘ಹೆರೌಸ್’ ಎನ್ನುತ್ತಾನೆ. ಆಡುಮಾತಿನಲ್ಲಿ ಹಲವೆಡೆ ಎರಡಕ್ಕೂ ‘ರೌಸ್’ ಎಂಬ ಒಂದೇ ರೂಪವು ಸಾಕಾಗಿದೆ. ಆದರೆ ಬವೇರಿಯದ ಉಪಭಾಷೆಗಳು ‘ಔಸ್ಸಿ’, ‘ಔಸ್ಸಾ’ ಎಂದು ಭೇದವನ್ನು ಕಾಪಾಡಿಕೊಂಡಿವೆ. ಚಲನೆಯು ಒಂದೇ, ಬದಲಾದುದು ಆಡುವವನು ನಿಂತ ನೆಲ. ಇದರಿಂದ ನಾವು ನಮ್ಮ ಎರಡನೆಯ ಆಕ್ಷೇಪಕ್ಕೆ ಬರುತ್ತೇವೆ.

5

ಐಸ್‌ಲೆಂಡ್ ದ್ವೀಪದಲ್ಲಿ ನಾರ್ವೆಯ ಜನರು ಸುಮಾರು 870ರಿಂದ 930ರವರೆಗಿನ ಅವಧಿಯಲ್ಲಿ ನೆಲಸಿದರು. ಅವರ ಗ್ರಂಥಗಳಲ್ಲಿ ಐಸ್‌ಲೆಂಡಿಗೆ ಬರುವುದನ್ನು ‘ಊತ್’ ಎಂಬ ಅವ್ಯಯದಿಂದ, ಅಂದರೆ ‘ಹೊರಕ್ಕೆ’ ಎಂದು ಸೂಚಿಸುತ್ತಾರೆ. ಐಸ್‌ಲೆಂಡಿನಿಂದ ನಾರ್ವೆಗೆ ಹೋಗುವುದನ್ನು ‘ಊತನ್’, ಅಂದರೆ ‘ಹೊರಗಿನಿಂದ’ ಎನ್ನುತ್ತಾರೆ. ಮನೆಮಠಗಳನ್ನು ಕಟ್ಟಿ, ಹೊಲ ಹುಲ್ಲುಗಾವಲುಗಳನ್ನು ಮಾಡಿ, 930ರಲ್ಲಿ ಆಲ್ಥಿಂಗ್ ಎಂಬ ಮಹಾಸಭೆಯನ್ನು ಸ್ಥಾಪಿಸಿ, ಅರಸನಿಲ್ಲದೆ ಬಾಳಿದ ಆ ಜನರು ತಮ್ಮ ಸ್ವಂತ ನೆಲವನ್ನು ‘ಹೊರಗೆ’ ಎಂದು ಕರೆಯುತ್ತಿದ್ದರು! ಅವರ ಅವ್ಯಯಗಳ ಕೇಂದ್ರವು ಅವರು ಬಿಟ್ಟುಬಂದ ತೀರದಲ್ಲಿಯೇ ನಿಂತಿತ್ತು. ಇಂದಿನ ಐಸ್‌ಲೆಂಡಿಕ್ ಆಡುಮಾತಿನಲ್ಲಿ ವಿದೇಶಕ್ಕೆ ಹೋಗುವುದನ್ನು ‘ಊತ್’ ಎಂದೂ ಹೇಳುತ್ತಾರೆ. ‘ಊತನ್’ ಎಂಬ ಹಳೆಯ ಪ್ರಯೋಗವೂ ಅದರ ಪಕ್ಕದಲ್ಲಿ ಉಳಿದಿದೆ. ಕೇಂದ್ರವು ಕಡಲನ್ನು ದಾಟಿ ಬಂದುದಕ್ಕೆ ಈ ಎರಡು ಪುಟ್ಟ ಶಬ್ದಗಳೇ ಸಾಕ್ಷಿ. ರಾಜಕೀಯ ಇತಿಹಾಸದ ಯಾವ ಶಾಸನವೂ ಈ ಸಂಗತಿಯನ್ನು ಹೇಳುವುದಿಲ್ಲ.

ಸ್ಥಳನಾಮಗಳೂ ಇದನ್ನೇ ಹೇಳುತ್ತವೆ. ಐಸ್‌ಲೆಂಡಿನ ದಕ್ಷಿಣ ತೀರದಾಚೆಯ ವೆಸ್ಟ್‌ಮನ್ನಎಯರ್ ಎಂಬ ದ್ವೀಪಗಳ ಹೆಸರಿಗೆ ‘ಪಶ್ಚಿಮದವರ ದ್ವೀಪಗಳು’ ಎಂದರ್ಥ. ಆ ‘ಪಶ್ಚಿಮದವರು’ ಯಾರೆಂದರೆ, ಒಡೆಯನನ್ನು ಕೊಂದು ಅಲ್ಲಿಗೆ ಓಡಿಹೋದರೆಂದು ‘ಲ್ಯಾಂಡ್‌ನಾಮಬೋಕ್’ ಎಂಬ ನೆಲಸಿಕೆಯ ಗ್ರಂಥವು ಹೇಳುವ ಐರಿಷ್ ದಾಸರು. ಐರ್ಲೆಂಡಾದರೋ ಐಸ್‌ಲೆಂಡಿಗೆ ಆಗ್ನೇಯದಲ್ಲಿದೆ. ಅದು ಪಶ್ಚಿಮವಾಗುವುದು ನಾರ್ವೆಯಲ್ಲಿ ನಿಂತವನಿಗೆ ಮಾತ್ರ. ಸ್ಕಾಟ್‌ಲೆಂಡಿನ ಉತ್ತರದ ತುದಿಯಲ್ಲಿರುವ ಸದರ್‌ಲೆಂಡ್ ಪ್ರಾಂತಕ್ಕೆ ‘ದಕ್ಷಿಣದೇಶ’ ಎಂಬ ಹೆಸರು ಬಂದುದೂ ಅದಕ್ಕೂ ಉತ್ತರದ ಆರ್ಕ್ನಿ ದ್ವೀಪಗಳ ನಾರ್ಸ್ ಜನರ ದೃಷ್ಟಿಯಿಂದ. ಪಟ್ಟಿಯನ್ನು ಮಾತ್ರ ಕಲಿತ ವಿದ್ಯಾರ್ಥಿಯು ಇವನ್ನು ತಪ್ಪು ಹೆಸರುಗಳೆಂದು ಬಗೆಯುವನು. ಇವು ತಪ್ಪುಗಳಲ್ಲ, ವಿಳಾಸಗಳು.

ಇಂಗ್ಲಿಷ್ ಇತಿಹಾಸದಲ್ಲಿ ಇದಕ್ಕೆ ಸಂಬಂಧಪಟ್ಟ ಪ್ರಸಿದ್ಧ ಪ್ರಶ್ನೆಯೊಂದಿದೆ. 871ರಿಂದ 899ರವರೆಗೆ ಆಳಿದ ಆಲ್ಫ್ರೆಡ್ ಅರಸನಿಗೆ ಓಥೆರೆ ಎಂಬ ನಾರ್ವೆಯ ನಾವಿಕನು ತನ್ನ ಯಾನವನ್ನು ನಿವೇದಿಸಿದನು; ಆ ವರದಿಯು ಓರೋಸಿಯಸ್ಸಿನ ಇತಿಹಾಸದ ಪ್ರಾಚೀನ ಇಂಗ್ಲಿಷ್ ಅನುವಾದದಲ್ಲಿ ಸೇರಿ ಉಳಿದಿದೆ. ಆ ಕೆಲವೇ ಪುಟಗಳಲ್ಲಿ ‘ನೋರ್ಥ್’ ಎಂಬುದು ‘ಉತ್ತರಕ್ಕೆ’ ಎಂಬ ಅರ್ಥದಲ್ಲಿಯೂ, ‘ನೋರ್ಥನ್’ ಎಂಬುದು ಗಾಳಿಯ ಹೆಸರಿನಲ್ಲಿ ‘ಉತ್ತರದಿಂದ’ ಎಂಬ ಅರ್ಥದಲ್ಲಿಯೂ, ಅದೇ ರೂಪವು ‘ಬೆ’ ಎಂಬುದರೊಡನೆ ಸೇರಿ ‘ಉತ್ತರ ಭಾಗದಲ್ಲಿ’ ಎಂಬ ಅರ್ಥದಲ್ಲಿಯೂ ಬಂದಿವೆ. ನಾವು ಮೂರನೆಯ ಭಾಗದಲ್ಲಿ ವಿವರಿಸಿದ ಅರ್ಥಾಂತರವು ಇಲ್ಲಿ ಕಣ್ಣೆದುರಿಗೆ ನಡೆಯುತ್ತಿದೆ. ಅದೇ ಅನುವಾದದಲ್ಲಿರುವ ಜರ್ಮಾನಿಕ್ ದೇಶಗಳ ವರ್ಣನೆಯ ದಿಕ್ಕುಗಳು ಇಂದಿನ ಭೂಪಟದೊಡನೆ ಪೂರ್ತಿಯಾಗಿ ಹೊಂದುವುದಿಲ್ಲ. ಇದಕ್ಕೆ ಪರಿಹಾರವಾಗಿ ಕೆಂಪ್ ಮಲೋನ್ ಅವರು 1930ರಲ್ಲಿ ಆಲ್ಫ್ರೆಡ್‌ನ ‘ಉತ್ತರ’ವನ್ನು ಕುರಿತು ಬರೆದ ಲೇಖನದಲ್ಲಿ ಆ ಕಾಲದವರ ದಿಕ್ಕುಗಳ ಚಕ್ರವೇ ನಮ್ಮದಕ್ಕಿಂತ ಒಂದಿಷ್ಟು ಹೊರಳಿತ್ತೆಂಬ ವಾದವನ್ನು ಮಂಡಿಸಿದರು.

ವಾದವು ಜಾಣತನದ್ದು; ಆದರೆ ನಮಗೆ ಸಮ್ಮತವಾಗಲಿಲ್ಲ. ಇಡೀ ಚಕ್ರವು ಒಂದೇ ಪ್ರಮಾಣದಲ್ಲಿ ಹೊರಳಿತ್ತೆಂದು ಒಪ್ಪಬೇಕಾದರೆ, ಆಡುವವರು ಆಕಾಶವನ್ನು ನೋಡಿ ದಿಕ್ಕನ್ನು ಹೇಳಿದರೆಂದು ಮೊದಲು ಊಹಿಸಬೇಕು. ಓಥೆರೆಯ ಮಾತಿನ ರೀತಿಯೇ ಬೇರೆ. ಅವನು ತೀರವನ್ನು ಅನುಸರಿಸುತ್ತಾನೆ. ನೆಲವು ಪೂರ್ವಕ್ಕೆ ಬಾಗಿದೆಡೆಯಲ್ಲಿ ಪಶ್ಚಿಮದ ಗಾಳಿಗಾಗಿಯೂ, ದಕ್ಷಿಣಕ್ಕೆ ಬಾಗಿದೆಡೆಯಲ್ಲಿ ನೇರ ಉತ್ತರದ ಗಾಳಿಗಾಗಿಯೂ ಕಾದು, ಪೂರ್ವಕ್ಕೆ ನಾಲ್ಕು ದಿನ, ದಕ್ಷಿಣಕ್ಕೆ ಐದು ದಿನ ಸಾಗುತ್ತಾನೆ. ಅವನ ದಿಕ್ಕು ದಾರಿಯ ದಿಕ್ಕು. ಐನಾರ್ ಹೌಗೆನ್ ಅವರು 1957ರಲ್ಲಿ ಐಸ್‌ಲೆಂಡಿಕ್ ದಿಗ್ವಾಚಕಗಳನ್ನು ಕುರಿತು ಬರೆದ ಲೇಖನವು ಈ ಸಂದರ್ಭದಲ್ಲಿ ಬಹು ಸಹಾಯಕವಾಗಿದೆ. ಕಣ್ಣೆದುರಿನ ಆಕಾಶದಿಂದ ನಿರ್ಣಯಿಸುವ ಹತ್ತಿರದ ದಿಕ್ಕು, ಪ್ರಯಾಣದ ಕೊನೆಯನ್ನು ನೋಡಿ ರೂಢಿಯಿಂದ ಹೇಳುವ ದೂರದ ದಿಕ್ಕು ಎಂದು ಅವರು ಎರಡು ಬಗೆಗಳನ್ನು ಬೇರ್ಪಡಿಸಿದರು. ಅಕುರೆಯ್ರಿಯಿಂದ ನೈಋತ್ಯದ ರೇಕ್ಯಾವಿಕ್ಕಿಗೆ ಹೋಗುವವನು ‘ಸುದುರ್’, ಅಂದರೆ ‘ದಕ್ಷಿಣಕ್ಕೆ’ ಹೋಗುತ್ತೇನೆನ್ನುವುದು ಎರಡನೆಯ ಬಗೆಗೆ ಸೇರಿದುದು. ದಾರಿಯು ನಡುವೆ ಎತ್ತ ತಿರುಗಿದರೂ ಆ ಮಾತು ಬದಲಾಗುವುದಿಲ್ಲ.

ಹೌಗೆನ್ ಅವರ ವಿಭಾಗವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಅದಕ್ಕೆ ಇತಿಹಾಸದ ಕಡೆಯಿಂದ ಒಂದು ಪ್ರಶ್ನೆಯನ್ನು ಸೇರಿಸಬೇಕೆಂಬುದಷ್ಟೇ ನಮ್ಮ ಸೂಚನೆ : ರೂಢಿಯು ಯಾರ ರೂಢಿ? ರೂಢಿಯ ದಿಕ್ಕಿಗೆ ಒಂದು ಕೇಂದ್ರವಿರಲೇಬೇಕು. ಆ ಕೇಂದ್ರವನ್ನು ಸ್ಥಾಪಿಸುವವರು ಯಾವುದೋ ಕಾಲದಲ್ಲಿ ಯಾವುದೋ ಸ್ಥಳದಲ್ಲಿ ಬಾಳಿದ ಜನರು. ಆ ಕಾಲವನ್ನೂ ಸ್ಥಳವನ್ನೂ ಹುಡುಕುವುದು ಇತಿಹಾಸಕಾರನ ಕರ್ತವ್ಯ.

6

ಮೇಲಿನ ವಿಚಾರದಿಂದ ಫಲಿಸುವುದನ್ನು ಸಂಗ್ರಹಿಸಿ ಹೇಳಬಹುದು. ಜರ್ಮಾನಿಕ್ ಭಾಷೆಗಳಿಗೆ ಸಮಾನವಾಗಿ ಬಂದುದು ಸ್ಥಾನಾರ್ಥದ ಅವ್ಯಯ. ಗಮ್ಯ ಮತ್ತು ಅಪಾದಾನಗಳ ಅವ್ಯಯಗಳು ಒಂದೊಂದು ಶಾಖೆಯ ಆಯ್ಕೆ ಮತ್ತು ನಿರ್ಮಾಣ. ಅವು ಸವೆದುವು, ಮನೆ ಬದಲಾಯಿಸಿದುವು, ಮತ್ತೆ ಕಟ್ಟಲ್ಪಟ್ಟುವು. ಇದನ್ನು ಕ್ಷಯವೆಂದಾಗಲಿ ಪ್ರಗತಿಯೆಂದಾಗಲಿ ಹೇಳುವುದು ಅರ್ಧಸತ್ಯ. ಈ ಶಬ್ದಗಳು ದಿಕ್ಕನ್ನು ತೋರಿಸುವುದರ ಜೊತೆಗೆ, ತೋರಿಸಿದವನು ನಿಂತ ನೆಲವನ್ನೂ ತೋರಿಸುತ್ತವೆ. ಹಳೆಯ ಆಧಾರವೊಂದರಲ್ಲಿ ‘ಪೂರ್ವದವನು’ ಎಂದಿದ್ದರೆ, ಯಾರಿಗೆ ಪೂರ್ವ ಎಂದು ಕೇಳದೆ ಅನುವಾದಿಸುವವನು ಮನುಷ್ಯನನ್ನೇ ತಪ್ಪು ದೇಶದಲ್ಲಿ ಇಳಿಸಿದಂತಾಗುತ್ತದೆ. ಐಸ್‌ಲೆಂಡಿನ ಕಥೆಗಳಲ್ಲಿ ಆ ಹೆಸರಿನಿಂದ ಕರೆಯಲ್ಪಟ್ಟವನು ನಾರ್ವೆಯವನು. ಐರ್ಲೆಂಡಿನ ದಾಖಲೆಗಳಲ್ಲಿ ಅಂತಹುದೇ ಹೆಸರಿನವನು ಡಬ್ಲಿನ್ನಿನಲ್ಲಿಯೇ ನೆಲಸಿದ ನಾರ್ಸ್ ವಂಶದವನು.

ಕಾಲೇಜು ತರಗತಿಗಳಲ್ಲಿ ಈ ಅವ್ಯಯಗಳನ್ನು ಹಳೆಯ ಅಲಂಕಾರಗಳೆಂದು ದಾಟಿಹೋಗದೆ, ‘ಎಲ್ಲಿ, ಎಲ್ಲಿಗೆ, ಎಲ್ಲಿಂದ’ ಎಂಬ ನಮ್ಮ ಭಾಷೆಯ ಸ್ಪಷ್ಟವಾದ ಭೇದದ ಬೆಳಕಿನಲ್ಲಿ ಬೋಧಿಸಿದರೆ ವಿದ್ಯಾರ್ಥಿಗಳು ಅವನ್ನು ಬೇಗ ಗ್ರಹಿಸುವರೆಂದು ನಮ್ಮ ನಂಬಿಕೆ. ಅದರ ಬಳಿಕ ಅವರಿಂದ ಇನ್ನೊಂದು ಪ್ರಶ್ನೆಯನ್ನು ಕೇಳಿಸಬೇಕು : ಇದನ್ನು ಹೇಳಿದವನು ಎಲ್ಲಿ ನಿಂತು ಹೇಳಿದನು? ವ್ಯಾಕರಣದ ಪಟ್ಟಿಯು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆದರೆ ಪಟ್ಟಿಯನ್ನು ಕಲಿಯದವನು ಈ ಪ್ರಶ್ನೆಯನ್ನು ಕೇಳಲಾರನು. ಆದುದರಿಂದ ವ್ಯಾಕರಣವೂ ಇತಿಹಾಸವೂ ಈ ಕ್ಷೇತ್ರದಲ್ಲಿ ಜೊತೆಯಾಗಿ ನಡೆಯುವುದು ಉಚಿತ.